ಆರ್ಡಿಸಳ ಕಾರಿಗೆ ಗಾಳಿ ಊದಿದ್ದು

ಡೆಲ್ಮರ್ ಟೀಗ್ಲರ್ ಆ ದಿನ ಮಾಡಿದ ಮೊದಲ ತಪ್ಪೆಂದರೆ ಗ್ಯಾರೇಜಿನ ಬಾಗಿಲು ಹಾಕಿಕೊಳ್ಳದೆ ಕಾರಿನ ಬಾನೆಟ್ ಎತ್ತಿದ್ದು. ಅಯೋವಾದ ಆ ಸೀಮೆಯಲ್ಲಿ ಎತ್ತಿದ ಬಾನೆಟ್ ಎಂದರೆ ಊಟದ ಕರೆ ಇದ್ದ ಹಾಗೆ. ಅದನ್ನು ಕಂಡೂ ಸುಮ್ಮನೆ ಮುಂದೆ ಹೋಗುವ ಗಂಡಸು ಅಲ್ಲಿಲ್ಲ. ಆದರೆ ಬಾಗಿಲು ಹಾಕಿದರೆ ಸೆಕೆಗೆ ಉಸಿರು ಕಟ್ಟುತ್ತಿತ್ತು. ಹೊರಗೆ ಆಳೆತ್ತರದ ಮೆಕ್ಕೆಜೋಳ, ಇದ್ದಬದ್ದ ಗಾಳಿಯನ್ನೆಲ್ಲ ತಾನೇ ಕುಡಿದಂತೆ, ಅಲ್ಲಾಡದೆ ನಿಂತಿತ್ತು.

ಕಾರು ಹೆಂಡತಿ ಆರ್ಡಿಸಳದು. ದಿನವೂ ಅದರಲ್ಲೇ ಅವಳು ಶಾಲೆಯ ಅಡುಗೆಮನೆಯ ಕೆಲಸಕ್ಕೆ ಹೋಗುತ್ತಿದ್ದಳು. ಆಯಿಲ್ ಬದಲಾಯಿಸಬೇಕೆಂದು ಸುಳ್ಳು ಹೇಳಿ ಡೆಲ್ಮರ್ ಅವಳನ್ನು ಜೊತೆಯವಳ ಗಾಡಿ ಹತ್ತಿಸಿ ಕಳಿಸಿದ್ದ. ಅವನ ಮನಸ್ಸಿನಲ್ಲಿದ್ದುದು ಸೂಪರ್‌ಚಾರ್ಜರ್, ಅಂದರೆ ಎಂಜಿನ್ನಿಗೆ ಗಾಳಿಯನ್ನು ಒತ್ತಿ ಊದಿ ಅದರ ಬಲ ಹೆಚ್ಚಿಸುವ ಯಂತ್ರ. ಗುಜರಿಗೆ ಬಿದ್ದ ಯಾವುದೋ ಕಾರಿನಿಂದ ಅದನ್ನು ಬಿಚ್ಚಿ ತಂದು, ಹಳೇ ನೇಗಿಲಿನ ತಗಡು ಕತ್ತರಿಸಿ ಪೀಠ ಮಾಡಿ, ಚಳಿಗಾಲವೆಲ್ಲ ಬೀಜದ ಚೀಲಗಳಡಿ ಬಚ್ಚಿಟ್ಟಿದ್ದ. ಅವನ ಪಿಕಪ್ಪಿಗೆ ಅದು ಕೂರುತ್ತಿರಲಿಲ್ಲ. ಆರ್ಡಿಸಳ ಕಾರಿಗೆ ಹೇಳಿ ಮಾಡಿಸಿದಂತಿತ್ತು.

ಹಿಂದೊಮ್ಮೆ ಹುಲ್ಲು ಕತ್ತರಿಸುವ ಯಂತ್ರದ ವೇಗ ಹೆಚ್ಚಿಸಲು ಹೋಗಿ ಅವಳ ಟೊಮೆಟೊ ಪಾತಿಯನ್ನೆಲ್ಲ ನೆಲಸಮ ಮಾಡಿದ್ದ. ಆಗ ಆರ್ಡಿಸ್ ಕೂಗಾಡಿರಲಿಲ್ಲ. ಇನ್ನೊಂದು ಸಲ ಹೀಗಾದರೆ ಗ್ಯಾರೇಜನ್ನು ಖಾಲಿ ಮಾಡಿಸಿ ಹೊಲಿಗೆ ಕೋಣೆ ಮಾಡಿಕೊಳ್ಳುತ್ತೇನೆಂದು ಹೇಳಿ, ಟೇಪು ಹಿಡಿದು ಗೋಡೆ ಅಳೆದುಕೊಂಡು ಹೋಗಿದ್ದಳು. ಆ ಅಳತೆ ನೆನಪಾದಾಗಲೆಲ್ಲ ಡೆಲ್ಮರನ ಕೈಯಿಂದ ಸ್ಪ್ಯಾನರ್ ಜಾರುತ್ತಿತ್ತು.

ಮೊದಲು ಬಂದವನು ಪಕ್ಕದ ಜಮೀನಿನ ಹಂದಿ ಸಾಕುವ ಗೇಲನ್. ಹಿಂದೆಯೇ ಶಾಲೆಯ ಬಸ್ಸು ಓಡಿಸಿ ನಿವೃತ್ತನಾದ ಮುದುಕ ಆರ್ಲೊ ತನ್ನ ಮಡಚುವ ಕುರ್ಚಿ ಸಮೇತ ಬಂದ. ಯಂತ್ರ ತಿರುಗಿಸುವ ಬೆಲ್ಟು ಸಡಿಲವಾಯಿತು ಎಂದ ಗೇಲನ್. ಬಿಗಿಯಾಯಿತು ಎಂದ ಆರ್ಲೊ. ಒಬ್ಬ ಹೇಳಿದಂತೆ ಬಿಗಿದು, ಇನ್ನೊಬ್ಬ ಹೇಳಿದಂತೆ ಸಡಿಲಿಸಿ, ಮಧ್ಯಾಹ್ನದ ಹೊತ್ತಿಗೆ ಡೆಲ್ಮರ್ ಬೆಳಿಗ್ಗೆ ಎಲ್ಲಿದ್ದನೋ ಅಲ್ಲಿಗೇ ಬಂದು ನಿಂತಿದ್ದ.

"ಆರ್ಡಿಸ್‌ಗೆ ಹೇಳಿದ್ದೀಯೇನಪ್ಪಾ?" ಎಂದು ಆರ್ಲೊ ಕೇಳಿದ.

"ಗೊತ್ತಾಗೋದೇ ಇಲ್ಲ ಬಿಡು. ಮೆಲ್ಲಗೆ ಓಡಿಸಿದ್ರೆ ಸದ್ದೇ ಬರಲ್ಲ."

ಮೆಲ್ಲಗೆ ಓಡಿಸುವ ಭಾಗ್ಯ ಅವನಿಗಿರಲಿಲ್ಲ. ಹೇಗೋ ಯಂತ್ರ ಕೂರಿಸಿ, ಕೂಡುರಸ್ತೆಯವರೆಗೆ ಹೋಗಿ ತಿರುಗಿಸಿಕೊಂಡು ಬರುವುದೆಂದು ಹೊರಟ. ಏರಿನಲ್ಲಿ ತುಸು ಒತ್ತಿದ್ದೇ ತಡ, ಕಾರು ಬಾಲ ತುಳಿಸಿಕೊಂಡ ಬೆಕ್ಕಿನ ಹಾಗೆ ಕಿರುಚಿ ಮುಂದಕ್ಕೆ ನೆಗೆಯಿತು. ಆಕ್ಸಿಲರೇಟರ್ ಕೆಳಗೇ ಸಿಕ್ಕಿಕೊಂಡಿತು. ಬೇಲಿಯಾಚೆಯ ಹಸುಗಳು ಮೇವು ಬಿಟ್ಟು ಓಡಿದವು. ಕೂಡುರಸ್ತೆ ಹಿಂದಾಯಿತು, ಎದುರಿಗೆ ಶಾಲೆ ಬಂತು. ಡೆಲ್ಮರ್ ಸ್ಟೀರಿಂಗಿನ ಕೆಳಗೆ ತಲೆ ಬಗ್ಗಿಸಿದ. ಸದ್ದಿನಿಂದಲೇ ಯಾರ ಮನೆ ಗಾಡಿಯೆಂದು ಹೇಳುವ ಊರಿನಲ್ಲಿ ಮುಖ ಮುಚ್ಚಿಕೊಂಡು ಏನು ಪ್ರಯೋಜನ ಎಂಬುದು ಆಗ ಹೊಳೆಯಲಿಲ್ಲ. ಅಡುಗೆಮನೆಯ ಕಿಟಕಿಗಳನ್ನು ದಾಟುವಾಗ ಕಾರಿನಲ್ಲಿ ಯಾರೂ ಇಲ್ಲದಂತೆ ಕಾಣುತ್ತಿತ್ತು. ಕಡೆಗೆ ಕಾಲಿನಿಂದ ಕೊಕ್ಕೆ ಹಾಕಿ ಆಕ್ಸಿಲರೇಟರನ್ನು ಮೇಲೆಳೆದು, ಸುತ್ತುದಾರಿಯಲ್ಲಿ ಕಾರನ್ನು ಮನೆಗೆ ತಂದ. ಅಂಗಿ ಮೈಗೆ ಅಂಟಿಕೊಂಡಿತ್ತು.

"ನಮ್ಮ ಹಂದಿಗಳು ಇನ್ನೂ ಕಿವಿ ಇಳಿಸಿಲ್ಲ," ಎಂದ ಗೇಲನ್. "ಆರ್ಡಿಸ್‌ಗೆ ಕೇಳಿಸದೆ ಇರುತ್ತಾ? ಬಿಚ್ಚಿಬಿಡೋದು ಒಳ್ಳೇದು ಕಣಯ್ಯಾ."

ಆರ್ಲೊ ಕೂಡ ಹೌದೆಂದ. ಬೆಳಗಿನಿಂದ ಅವರಿಬ್ಬರೂ ಒಪ್ಪಿದ ಒಂದೇ ಮಾತು ಅದು. ಶಾಲೆ ಬಿಡುವುದರೊಳಗೆ ಮೂವರೂ ಮೈಮೇಲೆ ಬಂದವರಂತೆ ಬಿಚ್ಚಿದರು. ಬಿಚ್ಚಿದ್ದನ್ನು ಎಲ್ಲಿಡುವುದು? ಮನೆಯಲ್ಲಿ ಆರ್ಡಿಸಳ ಕಣ್ಣು ಬೀಳದ ಮೂಲೆಯೇ ಇರಲಿಲ್ಲ. ಯಾವ ಹೆಂಗಸೂ ಹುಡುಕದ ಜಾಗ ತನ್ನಲ್ಲಿದೆ ಎಂದ ಗೇಲನ್. ಅದು ಅವನ ಹಂದಿಗಳ ಹೇಸಿಗೆ ನೀರು ನಿಲ್ಲುವ ಹೊಂಡ. ಅದರ ದಂಡೆಗೆ ಹೋಗಿ ಡೆಲ್ಮರ್ ಒಂದು ಗಳಿಗೆ ಯಂತ್ರವನ್ನು ಮಗುವಿನ ಹಾಗೆ ಎದೆಗೆ ಒತ್ತಿಕೊಂಡು ನಿಂತ. ಅಷ್ಟರಲ್ಲಿ ದೂರದ ರಸ್ತೆಯಲ್ಲಿ ಧೂಳೆದ್ದಿತು. ಕಣ್ಣು ಮುಚ್ಚಿ ಎಸೆದ. ಗುಳುಕ್ ಎಂದು ಮುಳುಗಿತು.

ಅವನು ಓಡಿ ಬಂದು ಬಾನೆಟ್ ಮುಚ್ಚುವುದಕ್ಕೂ ಆರ್ಡಿಸ್ ಬಂದಿಳಿಯುವುದಕ್ಕೂ ಸರಿಹೋಯಿತು. ಒಬ್ಬಳೇ ಬಂದಿರಲಿಲ್ಲ. ಅಡುಗೆಮನೆಯ ಇಬ್ಬರು ಹೆಂಗಸರು ಏಪ್ರನ್ನಿನಲ್ಲೇ ಜೊತೆಗಿದ್ದರು. ಅವಳು ನೇರ ಹೋಗಿ ಬಾನೆಟ್ ಎತ್ತಿದಳು.

"ಎಲ್ಲಿ ಅದು?"

"ಯಾವುದು? ಆಯಿಲ್ ಹಾಕಿದೆ."

"ಡೆಲ್ಮರ್, ಆ ಚೀಲಗಳ ಕೆಳಗೆ ಇಲಿ ಬೋನು ಇಟ್ಟಿದ್ದು ಯಾರು ಅಂದ್ಕೊಂಡೆ? ಚಳಿಗಾಲದಿಂದ ನೋಡ್ತಾ ಇದ್ದೀನಿ, ಯಾವತ್ತು ಹಾಕ್ತಾನೋ ಅಂತ."

ಡೆಲ್ಮರ್ ಬೀಜದ ಚೀಲಗಳ ಕಡೆ ತಿರುಗಿ ನೋಡಿದ.

"ಪ್ರತಿ ಭಾನುವಾರ ಚರ್ಚಿನ ಏರಿನಲ್ಲಿ ನಮ್ಮ ಮಾರ್ಲಿಸ್ ತನ್ನ ಹೊಸ ಪಿಕಪ್ಪಲ್ಲಿ ನನ್ನ ಹಿಂದೆ ಹಾಕಿ ಹೋಗ್ತಾಳೆ. ಒಡಹುಟ್ಟಿದೋಳು, ಕೈ ಬೇರೆ ಬೀಸ್ತಾಳೆ." ಆರ್ಡಿಸಳ ದನಿ ತುಸು ಇಳಿಯಿತು. "ಇವತ್ತು ಕಿಟಕಿ ಪಕ್ಕ ಆ ಸದ್ದು ಹೋಯ್ತಲ್ಲ, ಕೈಲಿದ್ದ ಸೌಟು ಬಿಟ್ಟು ಎಲ್ಲರಿಗೂ ಹೇಳಿದೆ, ನಮ್ಮನೆಯವ್ರು ಮಾಡಿದ್ದು ಅಂತ. ಮಾರ್ಲಿಸ್‌ಗೂ ಫೋನ್ ಮಾಡಿ ಹೇಳಿಬಿಟ್ಟಿದ್ದೀನಿ, ಈ ಭಾನುವಾರ ನೋಡು ಅಂತ."

ಅವಳು ಹಾಗೆ ಹೆಮ್ಮೆಯಿಂದ ತನ್ನನ್ನು ನೋಡಿದ್ದು ಯಾವಾಗ ಎಂದು ಡೆಲ್ಮರನಿಗೆ ನೆನಪಾಗಲಿಲ್ಲ. ನೆನಪು ಮಾಡಿಕೊಳ್ಳುವಷ್ಟು ಹೊತ್ತು ಅವಳು ಹಾಗೆ ನೋಡಲೂ ಇಲ್ಲ.

"ಬಿಚ್ಚಬೇಡ ಅಂತ ನಾನು ಬಡ್ಕೊಂಡೆ," ಎಂದ ಗೇಲನ್.

"ನಾನೂ ಹೇಳಿದೆ," ಎಂದ ಆರ್ಲೊ.

ಯಂತ್ರ ಎಲ್ಲಿದೆಯೆಂದು ತಿಳಿದ ಮೇಲೆ ಆರ್ಡಿಸ್ ಕೂಗಾಡಲಿಲ್ಲ. ಒಳಗೆ ಹೋಗಿ ಒಂದು ಕೈಯಲ್ಲಿ ಅವನ ರಬ್ಬರ್ ಬೂಟು, ಇನ್ನೊಂದು ಕೈಯಲ್ಲಿ ಹಗ್ಗ ಕಟ್ಟಿದ ಕಬ್ಬಿಣದ ಕೊಕ್ಕೆ ತಂದಳು.

ಹೊತ್ತು ಇಳಿಯುವಾಗ ಡೆಲ್ಮರ್ ಹೊಂಡದ ದಂಡೆಯಲ್ಲಿ ಮೂಗಿಗೆ ಬಟ್ಟೆ ಕಟ್ಟಿಕೊಂಡು ಕೊಕ್ಕೆ ಎಸೆಯುತ್ತಿದ್ದ. ನಾತ ಬಾರದ ಕಡೆ ಆರ್ಲೊನ ಕುರ್ಚಿಯಲ್ಲಿ ಆರ್ಡಿಸ್ ಕೂತಿದ್ದಳು.

"ಸ್ವಲ್ಪ ಎಡಕ್ಕೆ," ಎಂದ ಗೇಲನ್.

"ಬಲಕ್ಕೆ ಕಣಪ್ಪಾ," ಎಂದ ಆರ್ಲೊ.

ಆರ್ಡಿಸ್ ಚೀಲದಿಂದ ಅಳತೆಯ ಟೇಪು ತೆಗೆದು ಮಡಿಲಲ್ಲಿಟ್ಟುಕೊಂಡಳು. "ಆಗಲಿ ಡೆಲ್ಮರ್, ಭಾನುವಾರದ ತನಕ ನೋಡ್ತೀನಿ," ಎಂದಳು.