ಕಣ್ಣಲ್ಲಿ ಚೂರು

ಸ್ಟೂಲಿನ ಮೇಲೆ ನಿಂತು ಫ್ಯಾನು ಒರೆಸುವ ಹೆಂಡತಿಗೆ ಕೆಳಗಿನಿಂದ ಸಲಹೆ ಕೊಡಬಾರದು ಎಂಬುದು ಚೂರಣ್ಣನಿಗೆ ತಿಳಿದಿರಲಿಲ್ಲ.

“ಚೂರು ಎಡಕ್ಕೆ. ಅಲ್ಲೇ ಇದೆ ನೋಡು, ಇನ್ನೂ ಚೂರು ಎಡಕ್ಕೆ,” ಎಂದು ಮುಖ ಮೇಲೆತ್ತಿದ. ಮೇಲಿನಿಂದ ಏನೋ ಉದುರಿ ನೇರವಾಗಿ ಅವನ ಬಲಗಣ್ಣಿಗೆ ಬಿತ್ತು.

ಚೂರಣ್ಣ ಎಂಬ ಹೆಸರು ಅಪ್ಪ ಅಮ್ಮ ಇಟ್ಟದ್ದಲ್ಲ, ಓಣಿಯವರು ಇಟ್ಟದ್ದು. ಚೂರು ಜರಗಿ, ಚೂರು ನೀರು ಕೊಡಿ, ಚೂರು ಹಸಿವು... ಆ ಪದವಿಲ್ಲದೆ ಅವನ ಬಾಯಿಂದ ಒಂದು ಮಾತೂ ಹೊರಡುತ್ತಿರಲಿಲ್ಲ. ಮದುವೆಗೆ ಮುಂಚೆ, ಹುಡುಗಿ ಇಷ್ಟವಾದಳೇ ಎಂದು ಕೇಳಿದಾಗಲೂ “ಚೂರು” ಎಂದಿದ್ದ. ಹೆಂಡತಿ ಅದನ್ನು ಇನ್ನೂ ಕ್ಷಮಿಸಿರಲಿಲ್ಲ. ವಿಪರ್ಯಾಸವೆಂದರೆ ಅವನು ಗಾಜು ಕತ್ತರಿಸುವ ಕೆಲಸಕ್ಕಿದ್ದದ್ದು ಕನ್ನಡಿ ಅಂಗಡಿಯಲ್ಲಿ. ಆ ಪದ ಯಾರಿಗೂ ಬೇಡವಾದ ಜಾಗದಲ್ಲಿ.

“ಧೂಳು ಕಣ್ರೀ, ಊದ್ತೀನಿ ತಡೀರಿ,” ಎಂದು ಹೆಂಡತಿ ಇಳಿದು ಬಂದು ಊದಿದಳು. ಅದುವರೆಗೆ ಒಂದು ಮೂಲೆಯಲ್ಲಿ ತೆಪ್ಪಗಿದ್ದದ್ದು ಬಾಡಿಗೆ ಮನೆ ನೋಡಲು ಬಂದವರಂತೆ ಕಣ್ಣೆಲ್ಲ ಓಡಾಡತೊಡಗಿತು.

“ಧೂಳಾಗಿದ್ರೆ ಊದಿದ್ರೆ ಹೋಗ್ತಿತ್ತು,” ಎಂದರು ಅತ್ತೆ ಅಡುಗೆಮನೆಯಿಂದ. “ಅದು ಕಸ. ಕಸಕ್ಕೆ ನೀರೇ ಆಗ್ಬೇಕು. ಅಳಿಯಂದ್ರೇ, ಮುಖ ಎತ್ತಿ.” ಒಂದು ಚೊಂಬು ನೀರು ಬಂದು ಅಪ್ಪಳಿಸಿತು. ಅಂಗಿ ಪೂರ್ತಿ ಒದ್ದೆಯಾಯಿತು. ಕಸ ಕದಲಲಿಲ್ಲ.

ಗದ್ದಲ ಕೇಳಿ ಕೆಳಮನೆಯ ನಿವೃತ್ತ ಮೇಷ್ಟ್ರು ಮೆಟ್ಟಿಲು ಹತ್ತಿ ಬಂದರು. ಎಲ್ಲವನ್ನೂ ಕೇಳಿಸಿಕೊಂಡು ತಲೆಯಾಡಿಸಿದರು.

“ಗುಡಿಸಿದ್ರೆ ಬರೋದು ಕಸ. ಒರೆಸಿದ್ರೆ ಬರೋದು ಧೂಳು. ಎರಡಕ್ಕೂ ಬಗ್ಗದೆ ಇರೋದು ಕಣ. ಕಣ್ಣಿಗೆ ಬಿದ್ದದ್ದಂತೂ ಕಣವೇ.”

“ಕಣಕ್ಕೆ ಔಷಧ ಏನು ಮೇಷ್ಟ್ರೇ?”

“ಔಷಧ ನಂಗೊತ್ತಿಲ್ಲಪ್ಪ. ಪದ ಹೇಳ್ದೆ.”

ಬೇರೆ ದಿನವಾಗಿದ್ದರೆ ಚೂರಣ್ಣ ಕಣ್ಣು ಮುಚ್ಚಿ ಮಲಗಿಬಿಡುತ್ತಿದ್ದ. ಆದರೆ ಅಂದು ನೃತ್ಯಶಾಲೆಗೆ ಕನ್ನಡಿ ಕೂರಿಸುವ ದಿನ. ಆಳಿಗಿಂತ ಎತ್ತರ, ಬಾಗಿಲಿಗಿಂತ ಅಗಲ. ಅಂಗಡಿ ಶುರುವಾದ ಮೇಲೆ ಅಂಥ ಕನ್ನಡಿಯ ಕೆಲಸ ಬಂದಿರಲಿಲ್ಲ. “ಇದೊಂದನ್ನ ಕೂರಿಸಿ ಬಾ, ನಾಳೆಯಿಂದ ನೀನೇ ಮೇಸ್ತ್ರಿ,” ಎಂದು ಯಜಮಾನರು ಮಾತು ಕೊಟ್ಟಿದ್ದರು. ಮೇಸ್ತ್ರಿಯಾದವನು ಗಾಜು ಹೊರಬೇಕಿಲ್ಲ, ಹೊರುವವರನ್ನು ಬೈದರೆ ಸಾಕು. ಚೂರಣ್ಣ ಮನಸ್ಸಿನಲ್ಲಿ ಆಗಲೇ ಇಬ್ಬರನ್ನು ಬೈದು ನೋಡಿದ್ದ.

ಅವನು ಫೋನ್ ಮಾಡಿದ. “ಯಜಮಾನ್ರೇ, ಕಣ್ಣಲ್ಲಿ ಚೂರು ಉರಿ. ಬರೋದು ಚೂರು ತಡ ಆಗತ್ತೆ.”

ಆ ಕಡೆ ಗಾಜಿನ ಅಂಚು ಉಜ್ಜುವ ಯಂತ್ರ ಕಿರುಚುತ್ತಿತ್ತು. ಯಜಮಾನರ ಕಿವಿಗೆ ಬಿದ್ದದ್ದು ಎರಡೇ ಪದ: ಕಣ್ಣಲ್ಲಿ, ಚೂರು. ಗಾಜಿನಂಗಡಿಯವರ ಎದೆ ಒಡೆಯಲು ಅವೆರಡೇ ಸಾಕು. ಅದೂ ಹಿಂದಿನ ದಿನವಷ್ಟೇ ಚೂರಣ್ಣ ಕೆಲಸದ ಹೊತ್ತಿನಲ್ಲಿ ಹಾಕುವ ಕನ್ನಡಕ ಕೇಳಿದಾಗ, “ಹೊಸದು ಕಣಯ್ಯಾ, ಗೀರು ಬಿದ್ದೀತು,” ಎಂದು ಅದನ್ನು ಬೀರುವಿನೊಳಗಿಟ್ಟು ಬೀಗ ಜಡಿದಿದ್ದರು.

“ಅಲ್ಲಾಡಬೇಡ! ರೆಪ್ಪೆ ಬಡೀಬೇಡ! ಬಂದೆ!” ಎಂದು ಕೂಗಿ ಫೋನಿಟ್ಟರು.

ವ್ಯಾನು ಓಣಿಗೆ ಬರುವಷ್ಟರಲ್ಲಿ ಸುದ್ದಿ ಬೆಳೆದಿತ್ತು. ಇಸ್ತ್ರಿ ಅಂಗಡಿಯವನು ಕಣ್ಣಿಗೆ ಗಾಜು ಹೊಕ್ಕಿದೆ ಎಂದ. ಹಾಲಿನವನು ಕಣ್ಣೇ ಹೋಯಿತಂತೆ ಎಂದ. ಮೂಲೆಮನೆಯಾಕೆ “ಯಾವ ಕಣ್ಣು?” ಎಂದು ಕೇಳಿ, ಯಾರೂ ಉತ್ತರ ಕೊಡದಿದ್ದುದರಿಂದ ಎರಡೂ ಎಂದುಕೊಂಡು ಅಳತೊಡಗಿದಳು. ಯಜಮಾನರೂ ಜೊತೆಗೆಲಸದ ಗೋಂದಣ್ಣನೂ ಚೂರಣ್ಣನನ್ನು ಕನ್ನಡಿಯಂತೆಯೇ ನೆಟ್ಟಗೆ ಎತ್ತಿ, ಎರಡೂ ಬದಿಗೆ ದಿಂಬು ಕೊಟ್ಟು ವ್ಯಾನಿನಲ್ಲಿಟ್ಟರು.

ಕಣ್ಣಾಸ್ಪತ್ರೆಯಲ್ಲಿ ಡಾಕ್ಟರು ಕೇಳಿದರು, “ಏನು ಬಿದ್ದಿರೋದು?”

“ಚೂರು,” ಎಂದರು ಯಜಮಾನರು, ಕಣ್ಣೀರು ತಡೆದು.

“ನೋವು ಎಷ್ಟಿದೆ?”

“ಚೂರು,” ಎಂದ ಚೂರಣ್ಣ.

“ಚೂರು ಇದೆ ಅಂತ ಗೊತ್ತಾಯ್ತಪ್ಪ. ನೋವು ಎಷ್ಟಿದೆ?”

“ಚೂರು ಅಂದ್ನಲ್ಲ ಡಾಕ್ಟ್ರೇ.”

“ಎಷ್ಟು ದೊಡ್ಡ ಚೂರು?”

“ದೊಡ್ಡದೇನಿಲ್ಲ, ಚೂರೇ ಚೂರು.”

ಡಾಕ್ಟರು ಉಳಿದದ್ದನ್ನು ಕೇಳುವ ಆಸೆ ಬಿಟ್ಟು ರೆಪ್ಪೆ ಮಗುಚಿ, ಹತ್ತಿಯ ತುದಿಯಿಂದ ಏನನ್ನೋ ತೆಗೆದು ತೋರಿಸಿದರು. “ಸುಣ್ಣದ ಹುಡಿ. ಗೋಡೆಯದ್ದೋ ಸೂರಿನದ್ದೋ ಇರ್ಬೇಕು.”

“ಗಾಜೆಲ್ಲಿ?” ಯಜಮಾನರ ದನಿಯಲ್ಲಿ ನಿರಾಶೆಯೇ ಇತ್ತು.

“ಗಾಜು ಅಂತ ನಾನೆಲ್ಲಿ ಹೇಳ್ದೆ ಯಜಮಾನ್ರೇ? ಚೂರು ಉರಿ ಅಂದೆ. ಸ್ವಲ್ಪ ಉರಿ ಅಂತ.”

ಯಜಮಾನರ ಮುಖ ಕುಲುಮೆಯಲ್ಲಿಟ್ಟ ಗಾಜಿನಂತೆ ಕೆಂಪಾಯಿತು. ಡಾಕ್ಟರು ಕಣ್ಣಿಗೆ ಪಟ್ಟಿ ಕಟ್ಟುವವರೆಗೂ ತಡೆದುಕೊಂಡು ಹೊರಗೆ ಬಂದು ಹೇಳಿದರು, “ಇನ್ನು ನಿನ್ನ ಬಾಯಲ್ಲಿ ಆ ಪದ ಬಂತೋ, ಮೇಸ್ತ್ರಿ ಆಗೋ ಆಸೆ ಬಿಡು. ಗೋಂದಣ್ಣ, ನೀನೇ ಸಾಕ್ಷಿ.” ಗೋಂದಣ್ಣ ಗಂಭೀರವಾಗಿ ತಲೆಯಾಡಿಸಿದ. ಯಜಮಾನರು ಅಂಗಡಿಗೆ ಬಂದು, ಇಬ್ಬರನ್ನೂ ಕನ್ನಡಿಯನ್ನೂ ಬೇರೊಂದು ಗಾಡಿಯಲ್ಲಿ ಸಾಗಹಾಕಿದರು.

ನೃತ್ಯಶಾಲೆಯ ಟೀಚರು ಸೊಂಟದ ಮೇಲೆ ಕೈಯಿಟ್ಟು ನೋಡುತ್ತ ನಿಂತರು. ಇಬ್ಬರೂ ಕನ್ನಡಿಯನ್ನು ಎತ್ತಿ ಗೋಡೆಯ ಹತ್ತಿರ ತಂದರು. ಚೂರಣ್ಣನ ಒಂಟಿ ಕಣ್ಣಿಗೆ ಗೋಡೆ ಒಮ್ಮೆ ಮೂಗಿನ ಹತ್ತಿರ, ಒಮ್ಮೆ ಪಕ್ಕದ ಬೀದಿಯಲ್ಲಿ ಇದ್ದಂತೆ ಕಾಣುತ್ತಿತ್ತು.

“ಗೋಂದಣ್ಣ, ಚೂ...” ಎಂದವನು ನಾಲಿಗೆ ಕಚ್ಚಿಕೊಂಡ. “ಎಳ್ಳಷ್ಟು ಎಡಕ್ಕೆ.”

“ಎಳ್ಳಷ್ಟು ಅಂದ್ರೆ ಎಷ್ಟು?”

ಇಷ್ಟು ವರ್ಷ ಅವರಿಬ್ಬರ ನಡುವೆ ಚೂರು ಎಂದರೆ ಹೆಬ್ಬೆರಳಗಲ. ಎಳ್ಳಿಗೆ ಅಳತೆ ನಿಗದಿಯಾಗಿರಲಿಲ್ಲ.

“ಕೂದಲೆಳೆಯಷ್ಟು.”

“ಎಳ್ಳೋ ಕೂದಲೋ, ಒಂದು ಹೇಳಪ್ಪ. ಕೈ ಸೋಲ್ತಿದೆ.”

“ಸಾಸಿವೆ ಕಾಳಷ್ಟು!”

ಗೋಂದಣ್ಣ ಸಾಸಿವೆ ಎಳ್ಳಿಗಿಂತ ದೊಡ್ಡದೋ ಚಿಕ್ಕದೋ ಎಂದು ಯೋಚಿಸಿ, ಯಾವುದಕ್ಕೂ ಇರಲಿ ಎಂದು ಗೇಣುದ್ದ ಸರಿಸಿದ.

“ಅಯ್ಯೋ, ಅಷ್ಟಲ್ಲ! ವಾಪಸ್ಸು ತಗೋ, ಒಂದು... ಒಂದು ಚಿಟಿಕೆ!”

“ಅಡುಗೆ ಮಾಡ್ತಿದೀರೋ, ಕನ್ನಡಿ ಕೂರಿಸ್ತಿದೀರೋ?” ಎಂದು ಟೀಚರು ಕೇಳಿದರು.

ಗೋಂದಣ್ಣನ ಹಿಡಿತ ಬಿಗಿಯಾಗಿ ಕನ್ನಡಿ ಓರೆಯಾಗತೊಡಗಿತ್ತು. ‘ಕೈ ಚೂರು ಬಿಡು’ ಎನ್ನಬೇಕಿತ್ತು ಚೂರಣ್ಣ. ಮಧ್ಯದ ಪದ ಗಂಟಲವರೆಗೆ ಬಂತು. ಮೇಸ್ತ್ರಿ ಪದವಿ ನೆನಪಾಗಿ ಅದನ್ನು ನುಂಗಿಕೊಂಡ.

“ಕೈ... ಬಿಡು!”

ಗೋಂದಣ್ಣ ಹೇಳಿದ ಮಾತು ಮೀರುವವನಲ್ಲ. ಬಿಟ್ಟ.

ಸದ್ದು ಅಡಗಿದ ಮೇಲೆ ನೋಡಿದರೆ, ಒಬ್ಬರೇ ಇದ್ದ ಟೀಚರು ನೆಲದ ತುಂಬ ನೂರಾರು ಜನರಾಗಿ ಬಾಯಿ ತೆರೆದು ನಿಂತಿದ್ದರು. ಅದೇ ಹೊತ್ತಿಗೆ ಚೂರಣ್ಣನ ಫೋನು ಬಡಿದುಕೊಂಡಿತು.

“ಏನಯ್ಯಾ, ಕೂತ್ಕೊಳ್ತಾ? ಏನಾದ್ರೂ ಹೆಚ್ಚುಕಮ್ಮಿ ಆಯ್ತಾ?” ಎಂದರು ಯಜಮಾನರು.

“ಆಯ್ತು ಯಜಮಾನ್ರೇ... ಕನ್ನಡಿ... ಚೂರು...” ಹುಟ್ಟಿದಾಗಿನಿಂದ ಮೊದಲ ಸಲ ಅವನು ಆ ಪದವನ್ನು ಅದರ ಪೂರ್ತಿ ಅರ್ಥದಲ್ಲಿ ಬಳಸಿದ್ದ.

ಆ ಕಡೆಯಿಂದ ದೊಡ್ಡ ನಗು.

“ಮತ್ತೆ ಅದೇ ಮಾತು! ಇನ್ನು ನನ್ನ ಹೆದರಿಸಕ್ಕಾಗಲ್ಲ ಬಿಡು, ನಿನ್ನ ಭಾಷೆ ನಂಗೆ ಬಂತು. ಚೂರು ತಾನೇ? ಅಂಚಲ್ಲಿ ಎಲ್ಲೋ ತಾಗಿರತ್ತೆ.”

“ಅಲ್ಲ ಯಜಮಾನ್ರೇ, ಚೂರು ಚೂರು...”

“ಹೌದಯ್ಯಾ, ಯಾರಾದ್ರೂ ಚೂರು ಚೂರೇ ಕಲಿಯೋದು. ಬೆಳಗ್ಗೆ ಸಿಟ್ಟಲ್ಲಿ ಏನೇನೋ ಅಂದೆ, ಮನಸ್ಸಿಗೆ ಹಚ್ಕೋಬೇಡ. ಮಾತು ಮಾತೇ. ಇವತ್ತಿನಿಂದಲೇ ನೀನು ಮೇಸ್ತ್ರಿ. ಅಂಗಡಿಯವರನ್ನೆಲ್ಲ ಕರ್ಕೊಂಡು, ಸಿಹಿ ತಗೊಂಡು ವ್ಯಾನಲ್ಲಿ ಹೊರಟೆ. ಕನ್ನಡಿ ಮುಂದೆ ನಿಲ್ಲಿಸಿ ನಿನ್ನದೊಂದು ಫೋಟೋ ತೆಗೀಬೇಕು.”

ಫೋನು ಕಟ್ಟಾಯಿತು.

“ಏನಂದ್ರು?” ಎಂದು ಗೋಂದಣ್ಣ ಪಿಸುಗುಟ್ಟಿದ.

“ನನ್ನ ಮೇಸ್ತ್ರಿ ಮಾಡಿದ್ರು.”

ಗೋಂದಣ್ಣ ನೆಲ ನೋಡಿದ, ಅವನ ಮುಖ ನೋಡಿದ. “ಎಲ್ಲೀ ತನಕ?”

“ವ್ಯಾನು ಬರೋ ತನಕ,” ಎಂದು ಹೇಳಿ ಮೇಸ್ತ್ರಿ ಪೊರಕೆ ಹುಡುಕಲು ಹೊರಟ.