ಪಿಕ್ಯೂ ಏಳಕ್ಕೆ ನಾಮಕರಣ

ಹೆಸರು ನೋಡಿದೊಡನೆ ಕೆಲಸ ಗೊತ್ತಾಗಬೇಕು ಎಂಬುದು ಶಿಸ್ತಪ್ಪನ ಹಟ. ಅವನ ಅಸಲಿ ಹೆಸರು ಬೇರೆ. ಆಫೀಸಿನವರು ಕರೆಯುವುದು ಹೀಗೆ. ಮನೆಯ ಉಪ್ಪಿನ ಡಬ್ಬಿಗೂ 'ಉಪ್ಪು' ಎಂದು ಚೀಟಿ ಅಂಟಿಸಿದ ಮಹಾರಾಯನಿಗೆ, ಆಫೀಸಿನ ಹಳೆಯ ರಜೆ ಪ್ರೋಗ್ರಾಮನ್ನು ಹೊಸ ಕಂಪ್ಯೂಟರ್ ಭಾಷೆಗೆ ತರುವ ಕೆಲಸ ಸಿಕ್ಕಿತು. ರೊಟ್ಟಿ ಜಾರಿ ತುಪ್ಪಕ್ಕೆ ಬಿದ್ದ ಹಾಗಾಯಿತು.

"ಒಳಗೆ ಒಂದೊಂದು ಕೆಲಸಕ್ಕೂ ಇಡೋ ಹೆಸರುಗಳು ನನಗೂ ಅರ್ಥ ಆಗೋ ಹಾಗಿರ್ಲಿ ಕಣ್ರೀ. ಸಂಜೆ ಕೂತು ಓದ್ತೀನಿ," ಎಂದಿದ್ದರು ಮ್ಯಾನೇಜರು.

ಕೆಲಸ ಮುಗಿಯಬೇಕಿದ್ದ ದಿನ ಬೆಳಿಗ್ಗೆ ಹೆಂಡತಿ ಬ್ಯಾಗಿಗೆ ಬಟ್ಟೆ ತುಂಬುತ್ತಿದ್ದಳು. "ನಾಳೆ ಸಮುದ್ರ ನೋಡೋಕೆ ಹೋಗ್ತಿದೀವಿ ತಾನೆ? ಮದುವೆ ಆದಾಗಿಂದ ಹೇಳ್ತಾನೇ ಇದೀರಿ."

"ಮೊನ್ನೆ ಸಂಜೇನೇ ರಜೆಗೆ ಹಾಕಿದೀನಿ ಕಣೇ. ನಮ್ಮ ಮ್ಯಾನೇಜರು ದೇವರಂಥೋರು, ಯಾರಿಗೂ ಇಲ್ಲ ಅಂದಿಲ್ಲ. ಸಂಜೆಗೆ ಮಂಜೂರಾಗತ್ತೆ."

ಹಳೆಯ ಪ್ರೋಗ್ರಾಮಿನ ಹೆಸರುಗಳೋ, ಆ ದೇವರಿಗೇ ಪ್ರೀತಿ. ಆ ಕಾಲದ ಭಾಷೆಯಲ್ಲಿ ಉದ್ದುದ್ದ ಬರೆಯುವಂತೆಯೇ ಇರಲಿಲ್ಲವಂತೆ. ಶಿಸ್ತಪ್ಪ ಒಂದೊಂದನ್ನೇ ಬಿಡಿಸುತ್ತ ಕೂತರೆ ಅಕ್ಕಪಕ್ಕದವರು ಬಿಡಬೇಕಲ್ಲ! 'ರಜೆ ಕೇಳು' ಎಂದಿಟ್ಟ. ಪ್ರೋಗ್ರಾಮು ಪರೀಕ್ಷಿಸುವ, ಪಕ್ಕದ ಮೇಜಿನ 'ಟೆಸ್ಟಿಂಗ್ ಅಕ್ಕ' ಬಗ್ಗಿ ನೋಡಿ, "ಜಗಳಕ್ಕೆ ಬಂದ ಹಾಗಿದೆಯಪ್ಪ, 'ಕೋರು' ಅನ್ನು" ಎಂದಳು. ಎದುರು ಮೇಜಿನವನು, "ಮುಂದೆ 'ದಯವಿಟ್ಟು' ಸೇರಿಸಿ ಸಾರ್" ಎಂದ.

ಕೊನೆಗೆ ಉಳಿದದ್ದು 'ಪಿಕ್ಯೂ ಏಳು' ಎಂಬ ಹೆಸರು. ಅದನ್ನು ತೆರೆಯುತ್ತಲೇ, ನಿವೃತ್ತಿಗೆ ಹತ್ತಿರವಾದ 'ತಾತ' ಕುರ್ಚಿ ಸಮೇತ ಉರುಳಿಕೊಂಡು ಬಂದರು.

"ಅದೊಂದನ್ನ ಹಾಗೇ ಬಿಟ್ಬಿಡು ಮಗಾ."

"ಏನು ಮಾಡತ್ತೆ ಅಂತ ಗೊತ್ತಾಗಲ್ವಲ್ಲ ತಾತ?"

"ಗೊತ್ತಾಗ್ದೇ ಇರೋದೇ ಕ್ಷೇಮ. ಸುಮ್ನಿರಲಾರದೆ ಇರುವೆ ಬಿಟ್ಕೋಬೇಡ."

ಶಿಸ್ತಪ್ಪ ಕೇಳುವ ಪೈಕಿಯೇ? ಒಳಗಿದ್ದುದನ್ನು ಓದಿ, ಅದು ಮಾಡುವ ಕೆಲಸವನ್ನು ಇದ್ದದ್ದು ಇದ್ದ ಹಾಗೆ ಹೆಸರಾಗಿ ಬರೆದ. ಎಷ್ಟು ಚೊಕ್ಕ ಎಂದು ತಾನೇ ಖುಷಿಪಟ್ಟ.

ಸಂಜೆ ಮ್ಯಾನೇಜರು ಕರೆಸಿದರು. "ಭೇಷ್! ಇಷ್ಟು ವರ್ಷಕ್ಕೆ ಮೊದಲನೇ ಸಲ ಪ್ರೋಗ್ರಾಮು ನನಗೆ ಅರ್ಥ ಆಯ್ತು ನೋಡಿ." ಕನ್ನಡಕ ಏರಿಸಿ ಕೊನೆಯ ಹೆಸರನ್ನು ಜೋರಾಗಿ ಓದಿದರು: "'ಮ್ಯಾನೇಜರು ಎರಡು ದಿನ ಅರ್ಜಿ ನೋಡದಿದ್ದರೆ ತಾನೇ ರಜೆ ಮಂಜೂರು ಮಾಡು.' ಅಲ್ರೀ, ನಾನು ಒಂದು ಅರ್ಜೀನೂ ತೆರೆದು ನೋಡಿದವನಲ್ಲ. ಇವರಿಗೆಲ್ಲ ರಜೆ ಕೊಡ್ತಿರೋ ಪುಣ್ಯಾತ್ಮ ಯಾರು ಅಂತ ತಲೆ ಕೆಡಿಸ್ಕೊಂಡಿದ್ದೆ!"

ಶಿಸ್ತಪ್ಪ ಒಂದು ಹೆಜ್ಜೆ ಮುಂದೆ ಬಂದ. "ಸಾರ್, ಅದು..."

"ಅದನ್ನ ಈಗ್ಲೇ ತೆಗೆದುಹಾಕಿ. ಇನ್ಮೇಲೆ ಎಲ್ಲಾ ಅರ್ಜೀನೂ ನಾನೇ ನೋಡ್ತೀನಿ. ಈಗ ತಾನೇ ತೆರೆದೆ, ಮೊದಲನೇದು ನಿಮ್ದೇ ಇತ್ತು, ಆಗಲ್ಲ ಅಂದೆ. ಸಮುದ್ರ ಎಲ್ಲಿಗೆ ಓಡಿಹೋಗತ್ತೆ? ನಾಳೆಯಿಂದ ಸಂಬಳದ ಪ್ರೋಗ್ರಾಮಿಗೂ ಹೀಗೇ ಹೆಸರಿಡಿ."

ಮನೆಯಲ್ಲಿ ವಿಷಯ ಕೇಳಿದ ಹೆಂಡತಿ ಬ್ಯಾಗಿನಿಂದ ಅವನ ಅಂಗಿಗಳನ್ನು ತೆಗೆದು ಮಂಚದ ಮೇಲಿಟ್ಟಳು. ಆಮೇಲೆ ಅವನದೇ ಚೀಟಿಯೊಂದನ್ನು ತಂದು, ದುಂಡಗೆ ಬರೆದು, ಬ್ಯಾಗಿಗೆ ಅಂಟಿಸಿದಳು: 'ನಾಳೆ ಒಬ್ಬಳೇ ಸಮುದ್ರಕ್ಕೆ ಹೋಗುವವಳ ಬ್ಯಾಗು.'

ಶಿಸ್ತಪ್ಪ ಓದಿದ. ಹೆಸರಿನಲ್ಲಿ ಎತ್ತಿ ತೋರಿಸುವಂಥ ತಪ್ಪು ಒಂದೂ ಇರಲಿಲ್ಲ.