ಬಿಸಿಲು ಮಾರುವವನ ಸಿಟ್ಟು

ರಾಮನಗರದಲ್ಲಿ ಸೋಲಾರ್ ಅಂಗಡಿ ಇಟ್ಟುಕೊಂಡವನಿಗೆ ಬಿ.ಪಿ. ಬರಲು ಬೇರೆ ಕಾರಣ ಬೇಕಿಲ್ಲ, ಫೋನ್ ಒಂದಿದ್ದರೆ ಸಾಕು. ಬೆಳಿಗ್ಗೆ ನಾನು ಶಟರ್ ಎತ್ತುವ ಮೊದಲೇ ಯಾರದೋ ಮನೆಯಲ್ಲಿ ನೀರು ಕಾದಿರುವುದಿಲ್ಲ, ಯಾರದೋ ತೋಟದಲ್ಲಿ ಪಂಪು ತಿರುಗಿರುವುದಿಲ್ಲ, ತಪ್ಪು ಮಾತ್ರ ನನ್ನದಾಗಿರುತ್ತದೆ. ಸೂರ್ಯನನ್ನು ಯಾರೂ ಬೈಯುವುದಿಲ್ಲ. ಅವನ ನಂಬರ್ ಯಾರ ಹತ್ತಿರವೂ ಇಲ್ಲವಲ್ಲ.

ನಾನೇನೂ ಸೋಲಾರಿನ ಶತ್ರುವಲ್ಲ. ನಾಲ್ಕು ತಾಲ್ಲೂಕು ಸುತ್ತಿ ಅದನ್ನೇ ಮಾರುತ್ತೇನೆ, ರಿಪೇರಿ ಮಾಡುತ್ತೇನೆ, ನಮ್ಮ ಮನೆಯ ಒಲೆ ಉರಿಯುವುದೇ ಅದರಿಂದ. ಅದರಲ್ಲಿ ಒಳ್ಳೆಯದೂ ಇದೆ, ಕೆಟ್ಟದ್ದೂ ಇದೆ. ಒಳ್ಳೆಯದನ್ನು ಎಲ್ಲರೂ ತಾವೇ ಕಂಡುಹಿಡಿದ ಹಾಗೆ ಹೇಳುತ್ತಾರೆ, ಕೆಟ್ಟದ್ದಕ್ಕೆ ನನಗೆ ಫೋನ್ ಮಾಡುತ್ತಾರೆ. ಸಂಜೆ ಮನೆಗೆ ಹೋದರೆ ನನ್ನ ಹೆಂಡತಿ ಮುಖ ನೋಡಿಯೇ, "ಇವತ್ತು ಯಾವೂರು?" ಅಂತ ಕೇಳುತ್ತಾಳೆ. ಅವಳಿಗೆ ಹೇಳಿದ ಕೆಲವನ್ನು ನಿಮಗೂ ಹೇಳುತ್ತೇನೆ.

ಸಂಡಿಗೆ

ರಾಮನಗರದಲ್ಲೇ ಒಬ್ಬರು ಅಮ್ಮನವರ ಮನೆಗೆ ಬಿಸಿನೀರಿನ ಸೋಲಾರ್ ಹಾಕಿಕೊಟ್ಟಿದ್ದೆ. ಬಂಡೆಗಳೇ ಕಾದು ಸುಡುವ ಬೇಸಿಗೆಯಲ್ಲಿ ಅವರಿಂದ ಫೋನ್ ಬಂತು. "ನೀರು ಉಗುರುಬೆಚ್ಚಗೂ ಬರ್ತಿಲ್ಲ ಅಣ್ಣಾ. ಕಳಪೆ ಮಾಲು ಹಾಕಿಬಿಟ್ರಿ. ಬಂದು ಬದಲಾಯಿಸಿಕೊಡಿ."

ಕಳಪೆ ಅನ್ನುವ ಮಾತು ನನಗೆ ನಾಟಿತು. ಮಧ್ಯಾಹ್ನದ ಊಟ ಬಿಟ್ಟು ಹೋದೆ, ಮೆಟ್ಟಿಲು ಹತ್ತಿ ಮಹಡಿಗೆ ಬಂದೆ. ಪ್ಯಾನೆಲ್ ಕಾಣಲಿಲ್ಲ. ಅದರ ಗಾಜಿನ ಮೇಲೆ ಉದ್ದಕ್ಕೂ ಹಳೇ ಪಂಚೆ ಹಾಸಿತ್ತು. ಪಂಚೆಯ ತುಂಬ ಅಕ್ಕಿ ಸಂಡಿಗೆ, ಅಂಚಿನಲ್ಲಿ ಒಂದು ಸಾಲು ಮಜ್ಜಿಗೆ ಮೆಣಸಿನಕಾಯಿ.

"ಅಮ್ಮಾ, ಇದರ ಮೇಲೆ ಯಾಕೆ ಒಣಗಿಸಿದ್ರಿ?" ಅಂದೆ.

"ಮತ್ತೆಲ್ಲಿ ಒಣಗಿಸ್ಲಿ? ಮನೆಗೆಲ್ಲ ಜಾಸ್ತಿ ಬಿಸಿಲು ಬೀಳೋ ಜಾಗ ಇದೇ ಅಂತ ನೀವೇ ತಾನೆ ತೋರಿಸಿದ್ದು?"

ಪಂಚೆ ತೆಗೆಸಿ, ಗಾಜು ಒರೆಸಿ ಕೆಳಗಿಳಿದೆ. ಗೇಟಿನ ಹತ್ತಿರ ಆ ತಾಯಿ ಓಡಿಬಂದು ಕೈಗೊಂದು ಪೊಟ್ಟಣ ಇಟ್ಟರು. "ತಗೊಳ್ಳಿ ಅಣ್ಣಾ, ಹಂಗೇನೂ ಕಳಪೆ ಅಲ್ಲ ಬಿಡಿ. ನಿಮ್ಮ ಸೋಲಾರಲ್ಲೇ ಒಣಗಿದ್ದು."

ಹುಣಸೆಮರದ ಕೆಳಗೆ

ಕನಕಪುರದ ಆಚೆ ಒಂದು ಹಳ್ಳಿಯಲ್ಲಿ ಸೋಲಾರ್ ಬೀದಿದೀಪ ನಿಲ್ಲಿಸಲು ನನ್ನನ್ನು ಕರೆದರು. ಊರಿನ ಮುಖಂಡನೊಬ್ಬ ತನ್ನ ಮನೆಯ ಮುಂದೆ ಮೊದಲೇ ಗುಂಡಿ ತೋಡಿಸಿ, ಅರಿಶಿನ ಕುಂಕುಮ ಹಾಕಿಸಿ ಕಾದಿದ್ದ. ಗುಂಡಿ ಇದ್ದದ್ದು ದೊಡ್ಡ ಹುಣಸೆಮರದ ಬುಡದಲ್ಲಿ.

"ಇಲ್ಲಿ ಬಿಸಿಲು ಬೀಳಲ್ಲ ಯಜಮಾನ್ರೇ. ಒಸಿ ಆಚೆ ಹಾಕೋಣ," ಅಂದೆ.

"ಬೀದಿದೀಪ ಉರಿಯೋದು ರಾತ್ರಿ ಕಣಯ್ಯ. ರಾತ್ರಿ ಹೊತ್ನಲ್ಲಿ ಯಾವ ಬಿಸಿಲು?"

ಹಗಲು ಬಿಸಿಲು ಕುಡಿದರೆ ತಾನೇ ರಾತ್ರಿ ಉರಿಯುವುದು ಅಂತ ಕೈ ತಿರುಗಿಸಿ ತಿರುಗಿಸಿ ವಿವರಿಸಿದೆ. ಸುತ್ತ ನಿಂತವರೆಲ್ಲ ತಲೆಯಾಡಿಸಿದರು. ಮುಖಂಡ ಮಾತ್ರ, "ಪೂಜೆ ಆಗೋಗೈತೆ. ಇನ್ನು ಕದಲಿಸಂಗಿಲ್ಲ," ಅಂದ. ಹಲ್ಲು ಕಚ್ಚಿಕೊಂಡು ಅಲ್ಲೇ ನಿಲ್ಲಿಸಿ ಬಂದೆ.

ಮಳೆಗಾಲ ಕಳೆದ ಮೇಲೆ ಅವನದೇ ಫೋನ್. ದೀಪ ಒಂದು ದಿನವೂ ನೆಟ್ಟಗೆ ಉರಿದಿಲ್ಲವಂತೆ, ನಾನು ಊರಿಗೇ ಟೋಪಿ ಹಾಕಿದೆನಂತೆ. ಬಸ್ಸು ಹಿಡಿದು ಹೋದೆ, ಜಗಳಕ್ಕೆ ತಯಾರಾಗಿಯೇ ಹೋದೆ. ನನ್ನ ಕಂಬ ನೆರಳಲ್ಲಿ ಮಂಕಾಗಿ ನಿಂತಿತ್ತು. ಅದರ ತಲೆಯ ಮೇಲೆ, ಪಕ್ಕದ ಕರೆಂಟ್ ಕಂಬದಿಂದ ಎಳೆದ ವೈರಿನಲ್ಲಿ ಒಂದು ಬಲ್ಬು ತೂಗಾಡುತ್ತಿತ್ತು. ಹಾಡಹಗಲು ಉರಿಯುತ್ತಲೂ ಇತ್ತು.

"ಇದು ಯಾಕೆ?" ಅಂತ ಕೇಳಿದೆ.

"ಇನ್ನೇನ್ ಮಾಡದು? ನಿನ್ ಕಂಬ ಕತ್ತಲಲ್ಲಿ ಕಾಣಾಕಿಲ್ಲ. ನಮ್ ದೊಡ್ಡಪ್ಪ ಬಂದು ಹಣೆ ಚಚ್ಚಿಸ್ಕೊಂಡ. ಸೋಲಾರ್ ಲೈಟು ಎಲ್ಲೈತೆ ಅಂತ ಜನಕ್ಕೆ ಕಾಣ್ಲಿ ಅಂತ ಕರೆಂಟ್ ಲೈಟ್ ಹಾಕ್ಸಿವ್ನಿ."

ನೀರು ಕುಡಿದ ಬಿಸಿಲು

ಹೊಂಗನೂರು ಕಡೆಯ ಒಬ್ಬ ರೇಷ್ಮೆ ಬೆಳೆಗಾರನದು ಬೇರೆ ತರ. ಅವನ ಮೇಲೆ ಸಿಟ್ಟು ಮಾಡಿಕೊಂಡು ಆಮೇಲೆ ನನ್ನ ಮೇಲೆಯೇ ಸಿಟ್ಟಾದೆ.

ಅವನ ಹಿಪ್ಪುನೇರಳೆ ತೋಟಕ್ಕೆ ಕರೆಂಟ್ ಪಂಪು ಇತ್ತು. ಕರೆಂಟು ಬರುವುದು ಹೊತ್ತಲ್ಲದ ಹೊತ್ತಿನಲ್ಲಿ. ಗಂಡ ಹೆಂಡತಿ ಟಾರ್ಚು ಹಿಡಿದು, ಹಾವು ಚೇಳು ನೋಡಿಕೊಂಡು ನೀರು ಕಟ್ಟುತ್ತಿದ್ದರು. ಸೋಲಾರ್ ಪಂಪು ಹಾಕಿಕೊಟ್ಟ ದಿನ ಆಕೆ ಪಾಯಸ ಮಾಡಿ ಬಡಿಸಿ, "ನಿನ್ ಹೊಟ್ಟೆ ತಣ್ಣಗಿರ್ಲಿ ಕಣಣ್ಣ, ಇನ್ಮೇಲೆ ರಾತ್ರಿ ನಿದ್ದೆ ಮಾಡ್ತೀವಿ," ಅಂದಳು. ನನ್ನ ಕಸುಬಿನಲ್ಲಿ ಅಂಥ ಮಾತು ಕೇಳುವುದು ಅಪರೂಪ. ಹೊರಡುವಾಗ ಗಂಡನಿಗೆ ಹೇಳಿದೆ: "ಬೇಕಾದಷ್ಟೇ ಓಡ್ಸು. ಬಿಸಿಲೈತೆ ಅಂತ ಇಡೀ ದಿನ ಬಿಡ್ಬೇಡ."

"ಬಿಸಿಲು ಬಿಟ್ಟಿ, ಪಂಪು ನಮ್ದು. ನಿಂಗೇನ್ ಕಷ್ಟ?" ಅಂತ ನಕ್ಕ.

ಹೊತ್ತು ಹುಟ್ಟಿದಾಗ ಶುರುವಾದ ಪಂಪು ಹೊತ್ತು ಮುಳುಗಿದಾಗಲೇ ನಿಲ್ಲುತ್ತಿತ್ತು. ಅವನನ್ನು ನೋಡಿ ಪಕ್ಕದ ಜಮೀನಿನವನೂ ತನ್ನ ಬೋರಿಗೆ ಹಾಕಿಸಿದ, ನೆಲದಡಿಯ ನೀರು ಮಾತ್ರ ಇಬ್ಬರಿಗೂ ಒಂದೇ. ಅದನ್ನೂ ನಾನೇ ಹಾಕಿಕೊಟ್ಟೆ, ಖುಷಿಯಾಗಿಯೇ ಹಾಕಿಕೊಟ್ಟೆ. ಮುಂದಿನ ಬೇಸಿಗೆಯಲ್ಲಿ ಬೋರು ಕೆಮ್ಮತೊಡಗಿತು, ನೀರಿಗಿಂತ ಗಾಳಿಯೇ ಹೆಚ್ಚು. ಅದೇ ಹೊತ್ತಿಗೆ ಮನೆಯಲ್ಲಿ ರೇಷ್ಮೆಹುಳು ಕೊನೆಯ ಜ್ವರ, ಅಂದರೆ ಪೊರೆ ಬಿಡುವ ನಿದ್ದೆ, ಮುಗಿಸಿ ಎದ್ದು ರಾಶಿ ರಾಶಿ ಸೊಪ್ಪು ತಿನ್ನುವ ಕಾಲ. ತೋಟದ ಸೊಪ್ಪು ಬಾಡಿಹೋಯಿತು.

"ನಿನ್ ಸೋಲಾರು ನನ್ ಬೋರ್ ಕುಡ್ದುಬುಡ್ತು ಕಣಯ್ಯ," ಅಂತ ಫೋನಿನಲ್ಲಿ ಕೂಗಾಡಿದ. ನಾನೂ ಕೂಗಾಡಿದೆ. ಹೇಳಿದ್ದು ಕೇಳಲಿಲ್ಲ, ಈಗ ಅನುಭವಿಸು ಅಂತಲೂ ಅಂದುಬಿಟ್ಟೆ. ಆಮೇಲೆ ಮನಸ್ಸು ತಡೆಯದೆ ಗಾಡಿ ತೆಗೆದೆ. ಹೋಗಿ ನೋಡಿದರೆ ಆಕೆ ಕೊಂಡು ತಂದ ಸೊಪ್ಪನ್ನು ಹುಳುವಿಗೆ ಹಾಕುತ್ತಿದ್ದಳು. ನನ್ನನ್ನು ಬೈಯಲಿಲ್ಲ. "ಬಾಣ್ಣ, ಕುಂತ್ಕೊ," ಅಂದಳು. ಬೈದಿದ್ದರೇ ಚೆನ್ನಾಗಿತ್ತು.

ಪಕ್ಕದ ಜಮೀನಿನವನನ್ನೂ ಕರೆಸಿ ಕೂರಿಸಿದೆ. ಒಂದು ದಿನ ಒಬ್ಬ ನೀರೆತ್ತುವುದು, ಮರುದಿನ ಇನ್ನೊಬ್ಬ ಅಂತ ಒಪ್ಪಿಸಿದೆ. ಎರಡೂ ಪಂಪಿಗೆ ಟೈಮರ್ ಹಾಕಿದೆ. ಬೋರು ಚೇತರಿಸಿಕೊಂಡಿತು. ಹುಳು ಹೇಗೋ ಬಿದಿರಿನ ಚಂದ್ರಿಕೆ ತಟ್ಟೆಗೆ ಹತ್ತಿ ಗೂಡು ಕಟ್ಟಿದವು. ಗೂಡು ಸಣ್ಣದಾಯಿತು, ಆದರೆ ಬೆಳೆ ಉಳಿಯಿತು.

ಟೈಮರ್ ಕೂರಿಸಿದ ದಿನ ರೇಷ್ಮೆ ಬೆಳೆಗಾರ ನನ್ನ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತು ನೋಡುತ್ತಿದ್ದ. "ಅಂದ್ರೆ ಈ ಡಬ್ಬ ಪಂಪನ್ನ ಆಗಾಗ ತಾನೇ ನಿಲ್ಲಿಸ್ಬುಡ್ತದೆ?"

"ಹೂಂ."

"ನಾವು ಎಷ್ಟೇ ಬಡ್ಕೊಂಡ್ರೂ ಶುರುವಾಗಕಿಲ್ಲ?"

"ಇಲ್ಲ."

ಅವನು ಎದ್ದು ಪಂಚೆ ಕೊಡವಿದ. "ಕರೆಂಟ್ನಾಗೂ ಅಂಗೇ ಆಯ್ತಿತ್ತಲ್ಲಯ್ಯ. ಅದನ್ನ ಬೈಕೊಂಡು ತಾನೆ ನಿನ್ ತಾವ ಬಂದಿದ್ದು?"

ಕೂಡು ಕುಟುಂಬ

ಚನ್ನಪಟ್ಟಣದಲ್ಲಿ ಬೊಂಬೆ ಕಡೆಯುವ ಕಾರ್ಖಾನೆಯ ಯಜಮಾನರೊಬ್ಬರು ಸೂರಿನ ತುಂಬ ಪ್ಯಾನೆಲ್ ಹಾಕಿಸಿದರು. ಬ್ಯಾಟರಿ ಬೇಡ ಅಂದರು. ತಯಾರಾದ ಕರೆಂಟು ಸರ್ಕಾರದ ಲೈನಿಗೆ ಸೇರಿ, ಬಿಲ್ಲು ಇಳಿಯುವ ವ್ಯವಸ್ಥೆ. ಬಿಲ್ಲು ಇಳಿಯಿತು. ಸಿಕ್ಕಸಿಕ್ಕವರಿಗೆಲ್ಲ ತೋರಿಸಿದರು. ನನ್ನ ಹೆಸರು ಎಲ್ಲಿಯೂ ಹೇಳಲಿಲ್ಲ.

ಒಂದು ಮಧ್ಯಾಹ್ನ ಫೋನ್ ಮಾಡಿದರು. "ಬೀದಿಯಲ್ಲಿ ಕರೆಂಟ್ ಹೋಯ್ತು, ಸರಿ. ನಮ್ದೂ ಯಾಕೆ ಹೋಯ್ತು? ಸೂರ್ಯ ನೆತ್ತಿ ಮೇಲವ್ನೆ, ನನ್ನ ಮಿಷಿನ್ ನಿಂತವೆ."

ಲೈನ್‌ಮನ್ ಕಂಬ ಹತ್ತಿದಾಗ ನಿಮ್ಮ ಸೂರಿನ ಕರೆಂಟು ಹರಿದರೆ ಅವನ ಜೀವ ಹೋಗುತ್ತದೆ, ಅದಕ್ಕೇ ತಾನಾಗಿ ನಿಲ್ಲುತ್ತದೆ, ಬ್ಯಾಟರಿ ಬೇಕು ಅಂತ ಗಂಟಲು ಹರಿದುಕೊಂಡು ಹೇಳಿದ್ದೆ ಅಂದೆ.

"ನಾನು ದುಡಿದಿದ್ದು ಎಲ್ಲಾರ್ಗೂ ಹೋಯ್ತದೆ. ಅವರಿಗೆ ಇಲ್ಲ ಅಂದ್ರೆ ನಂಗೂ ಇಲ್ಲ. ಸೋಲಾರ್ ಹಾಕಿ ಅಂದ್ರೆ ನೀವು ಕೂಡು ಕುಟುಂಬ ಮಾಡ್ಕೊಟ್ಟಿದ್ದೀರಲ್ರೀ."

ಮುಖ್ಯ ಅತಿಥಿಯ ಪೊಂಗಲು

ಮಾಗಡಿ ಕಡೆ ಒಂದು ಕಾಲೇಜಿನಲ್ಲಿ ವಿಚಾರ ಸಂಕಿರಣ. ವಿಷಯ, ಸೌರಶಕ್ತಿಯ ಅನುಕೂಲ ಮತ್ತು ಅನಾನುಕೂಲ. ಅನುಕೂಲದ ಬಗ್ಗೆ ಮುಖ್ಯ ಅತಿಥಿ ಮಾತಾಡುತ್ತಾರೆ, ಅನಾನುಕೂಲದ ಬಗ್ಗೆ ನೀವು ಅಂತ ಅಲ್ಲಿನ ಮೇಷ್ಟ್ರು ಫೋನಿನಲ್ಲಿ ಹೇಳಿದರು. ಬೈಗುಳ ತಿನ್ನುವವನು ನಾನೇ ಆದ್ದರಿಂದ ಒಪ್ಪಿಕೊಂಡೆ.

ಹೋಗಿ ನೋಡಿದರೆ ಬಯಲಿಗೆಲ್ಲ ಶಾಮಿಯಾನ. ಮೈಕಿಗೂ ಫ್ಯಾನಿಗೂ ಡೀಸೆಲ್ ಜನರೇಟರ್. ಅದರ ಹೊಗೆ ನೇರ ನನ್ನ ಮುಖಕ್ಕೆ, ಅದರ ಸದ್ದಿಗೆ ಪಕ್ಕದವರ ಮಾತೂ ಕೇಳದು. ಅಂಗಳದಲ್ಲಿ ಸೋಲಾರ್ ಕುಕ್ಕರಿನ ಪೆಟ್ಟಿಗೆ ಇಟ್ಟು, ಸಿಹಿ ಪೊಂಗಲಿಗೆ ಅಕ್ಕಿ ಬೇಳೆ ಹಾಕಿದ್ದರು. ಅತಿಥಿಗಳು ಬಂದು ಮುಚ್ಚಳ ತೆಗೆಯುವುದೇ ಉದ್ಘಾಟನೆ.

ಬೆಳಿಗ್ಗೆಯಿಂದ ಮೋಡ. ಮೇಷ್ಟ್ರು ಮೆಲ್ಲಗೆ ಮುಚ್ಚಳ ಎತ್ತಿ ನೋಡಿದರು. ಅಕ್ಕಿ ಜಲ್ಲಿಯ ಹಾಗೆ ಕೂತಿತ್ತು. ಕೂಡಲೇ ಅಡುಗೆಯ ಹೆಂಗಸನ್ನು ಕರೆದು, "ಹಿಂದೆ ಗ್ಯಾಸಲ್ಲಿ ಬೇಯಿಸಿ ತಂದು ಇದರಲ್ಲಿಡಮ್ಮ. ಯಾರಾದ್ರೂ ಕೇಳಿದ್ರೆ ಸೂರ್ಯನ ಪೊಂಗಲು ಅನ್ನು," ಅಂದರು.

ನನಗೆ ಮೈ ಉರಿಯಿತು. "ಇದು ಮೋಸ ಸಾರ್. ಮೋಡ ಇದ್ರೆ ಬೇಯಲ್ಲ ಅಂತ ಮಕ್ಕಳಿಗೆ ಹೇಳಿ. ಅದೇ ಪಾಠ ಅಲ್ವಾ?"

"ಅದನ್ನ ನೀವು ಅನಾನುಕೂಲದಲ್ಲಿ ಸೇರಿಸ್ಕೊಳ್ಳಿ," ಅಂದು ಹಾರ ತರಲು ಹೋದರು.

ಮುಖ್ಯ ಅತಿಥಿ ಬಂದರು. ಮುಚ್ಚಳ ತೆಗೆದರು, ಹಬೆ ಎದ್ದಿತು, ಚಪ್ಪಾಳೆ ಬಿತ್ತು. ಒಂದು ತುತ್ತು ಬಾಯಿಗಿಟ್ಟು, ಕಣ್ಣು ಮುಚ್ಚಿ, ಮೈಕಿನಲ್ಲಿ ಹೇಳಿದರು: "ಗ್ಯಾಸಿನಲ್ಲಿ ಬೇಯಿಸಿದ್ದಕ್ಕೂ ಸೂರ್ಯನ ಶಾಖದಲ್ಲಿ ಬೆಂದದ್ದಕ್ಕೂ ಎಷ್ಟು ವ್ಯತ್ಯಾಸ. ನಾಲಿಗೆಗೇ ಗೊತ್ತಾಗುತ್ತದೆ." ತಟ್ಟೆ ಖಾಲಿ ಮಾಡಿ ಮತ್ತೆ ಕೇಳಿದರು. ಮೇಷ್ಟ್ರು ಶಾಮಿಯಾನದ ಹಿಂದೆ ನಿಂತಿದ್ದ ಅಡುಗೆಯವಳಿಗೆ ಇನ್ನಷ್ಟು ಅಂತ ಕೈಸನ್ನೆ ಮಾಡಿದರು. ಆಕೆ ಏನೋ ಕೂಗಿ ಹೇಳಿದಳು, ಜನರೇಟರ್ ಸದ್ದಿನಲ್ಲಿ ಕೇಳಿಸಲಿಲ್ಲ. ಮೇಷ್ಟ್ರು ಕಿವಿಗೆ ಕೈ ಇಟ್ಟು, ಗಟ್ಟಿಯಾಗಿ ಹೇಳು ಅಂತ ಸನ್ನೆ ಮಾಡಿದರು.

ಅಷ್ಟರಲ್ಲಿ ನನ್ನ ಸರದಿ ಬಂತು. ಎಲ್ಲವನ್ನೂ ಬಯಲು ಮಾಡಿಯೇ ಇಳಿಯುವುದು ಅಂತ ಮೈಕು ಹಿಡಿದೆ. "ಸ್ನೇಹಿತರೇ," ಅಂದೆ. ಡೀಸೆಲ್ ಮುಗಿದು ಜನರೇಟರ್ ನಿಂತುಹೋಯಿತು. ಮೈಕು ಸತ್ತಿತು, ಫ್ಯಾನು ನಿಂತವು, ಇಡೀ ಶಾಮಿಯಾನ ಗಪ್‌ಚಿಪ್. ಆ ನಿಶ್ಶಬ್ದದಲ್ಲಿ ಅಡುಗೆಯವಳು ಇದ್ದ ಉಸಿರನ್ನೆಲ್ಲ ಕೂಡಿಸಿ ಕೂಗಿದಳು:

"ಇನ್ನು ಬೇಯ್ಸಾಕಾಗಕಿಲ್ಲ ಸಾ, ಸೂರ್ಯನ ಸಿಲಿಂಡ್ರು ಖಾಲಿಯಾಗೋಯ್ತು."